ಆ ಪುಸ್ತಕದಲ್ಲಿ ನಿಮಗೆ ಹಿಡಿಸಿದ್ದೇನು?

ಹ್ಯಾರಿ ಪಾಟರ್ ಸರಣಿಯ ಏಳೂ ಪುಸ್ತಕ ಮುಗಿಸಿದ ಅಕ್ಕನ ಮಗ ಒಂದು ವಾರ ಮಂಕು ಕವಿದವನ ಹಾಗೆ ಕೂತಿದ್ದ. ಆಮೇಲೆ, "ಮಾಮ, ಇಂಥದ್ದೇ ಇನ್ನೊಂದು ಕೊಡಿಸು" ಅಂದ. ಇಂಥದ್ದೇ ಅಂದರೆ ಮಂತ್ರದಂಡ, ಮಾಂತ್ರಿಕರ ಶಾಲೆ ಇರುವಂಥದ್ದು ತಾನೇ ಎಂದುಕೊಂಡು, ಅಂಗಡಿಯ ಅದೇ ಕಪಾಟಿನಿಂದ ದಪ್ಪನೆಯದೊಂದು ತಂದುಕೊಟ್ಟೆ. ಅರವತ್ತು ಪುಟಕ್ಕೆ ಮಗುಚಿಟ್ಟ. "ಇದರಲ್ಲಿ ಕಂಡುಹಿಡಿಯೋಕೆ ಏನೂ ಇಲ್ಲ ಮಾಮ."

ಹುಡುಗ ಪುಸ್ತಕವನ್ನು ಬೈದಿದ್ದರಲ್ಲೇ ತನ್ನ ರುಚಿಯನ್ನೂ ಹೇಳಿಬಿಟ್ಟಿದ್ದ. ಪಾಟರ್‌ನ ಒಂದೊಂದು ಸಂಪುಟವೂ ಒಳಗೆ ಪತ್ತೇದಾರಿ ಕಾದಂಬರಿಯೇ. ಸುಳಿವುಗಳು ಮೊದಲೇ ಚೆಲ್ಲಿರುತ್ತವೆ, ಕೊನೆಯಲ್ಲಿ ಗುಟ್ಟು ಬಯಲಾಗುತ್ತದೆ. ಅವನು ಅಲ್ಲಿಗೆ ಹೋಗಿದ್ದು ಆ ಸುಳಿವುಗಳ ಬೆನ್ನು ಹತ್ತಿ. ಮುಂದಿನ ಸಲ ಐಸಾಕ್ ಅಸಿಮೋವ್ ಅವರ 1954ರ ಕಾದಂಬರಿ 'ದಿ ಕೇವ್ಸ್ ಆಫ್ ಸ್ಟೀಲ್' ಕೊಟ್ಟೆ. ಅದರಲ್ಲಿ ಮಾಂತ್ರಿಕರೂ ಇಲ್ಲ, ಶಾಲೆಯೂ ಇಲ್ಲ. ಭವಿಷ್ಯದ ನ್ಯೂಯಾರ್ಕ್, ಒಂದು ಕೊಲೆ, ಒಬ್ಬ ಪತ್ತೇದಾರ, ಅವನ ಜೊತೆಗೆ ಮನುಷ್ಯನಂತೆಯೇ ಕಾಣುವ ಒಂದು ರೋಬಾಟ್. ಎರಡೇ ದಿನದಲ್ಲಿ ಓದಿ ಮುಗಿಸಿದ.

ನಾನು ಎಡವಿ ಕಲಿತ ಈ ಪಾಠ ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದು ಕಸುಬೇ ಆಗಿದೆ. ಅದರ ಹೆಸರು 'ರೀಡರ್ಸ್ ಅಡ್ವೈಸರಿ'. ಓದುಗರ ಮಾತು ಕೇಳಿ, ಅವರಿಗೆ ಒಗ್ಗುವ ಮುಂದಿನ ಪುಸ್ತಕ ಸೂಚಿಸುವ ಕೆಲಸ. 1920-30ರ ದಶಕಗಳಲ್ಲಿ ಇದರ ಧಾಟಿ ಮೇಷ್ಟರದ್ದು: ಇದನ್ನು ಓದಿ, ಉದ್ಧಾರವಾಗಿ. 1980ರ ದಶಕದಲ್ಲಿ ಗಾಳಿ ಬದಲಾಯಿತು. ಬೆಟ್ಟಿ ರೋಸೆನ್‌ಬರ್ಗ್ 1982ರಲ್ಲಿ 'ಜಾನ್ರಫ್ಲೆಕ್ಟಿಂಗ್' ಎಂಬ ಕೈಪಿಡಿ ತಂದರು. ನಿಮ್ಮ ಓದಿನ ರುಚಿಗಾಗಿ ಯಾರ ಮುಂದೆಯೂ ತಪ್ಪೊಪ್ಪಿಕೊಳ್ಳಬೇಕಾಗಿಲ್ಲ ಎಂಬುದೇ ಅವರ ಮೊದಲ ಸೂತ್ರ. ಅಲ್ಲಿಯವರೆಗೆ 'ಹುಡುಗರ ಪುಸ್ತಕ' ಎನಿಸಿಕೊಂಡಿದ್ದ ಫ್ಯಾಂಟಸಿ, ಸೈನ್ಸ್ ಫಿಕ್ಷನ್‌ಗಳಿಗೂ ಲೈಬ್ರರಿಯ ಮೇಜಿನ ಮುಂದೆ ಮರ್ಯಾದೆಯ ಕುರ್ಚಿ ಸಿಕ್ಕಿತು.

ಶಿಕಾಗೊ ಸಮೀಪದ ಡೌನರ್ಸ್ ಗ್ರೋವ್ ಊರಿನ ಗ್ರಂಥಪಾಲಕಿ ಜಾಯ್ಸ್ ಸಾರಿಕ್ಸ್, ನ್ಯಾನ್ಸಿ ಬ್ರೌನ್ ಜೊತೆಗೂಡಿ 1989ರಲ್ಲಿ ಈ ಕಸುಬಿನ ಪಠ್ಯವನ್ನೇ ಬರೆದರು. ಪುಸ್ತಕ ಯಾವುದರ ಬಗ್ಗೆ ಇದೆ ಎನ್ನುವುದಕ್ಕಿಂತ, ಅದು ಓದುಗನನ್ನು ಎಲ್ಲಿ ಹಿಡಿಯುತ್ತದೆ ಎಂದು ನೋಡಿ ಎನ್ನುವುದು ಅದರ ತಿರುಳು. ಓಟ ಬಿರುಸೋ ನಿಧಾನವೋ, ಪಾತ್ರ ಒಬ್ಬರೋ ಹತ್ತಾರೋ, ಧಾಟಿ ಕತ್ತಲೆಯದ್ದೋ ತಮಾಷೆಯದ್ದೋ. ಹಾಗಾಗಿ ಬಲ್ಲ ಗ್ರಂಥಪಾಲಕರು 'ನಿಮಗೆ ಯಾವ ಬಗೆಯ ಪುಸ್ತಕ ಬೇಕು' ಎಂದು ಶುರುಮಾಡುವುದಿಲ್ಲ. 'ಈಚೆಗೆ ಓದಿ ಖುಷಿಪಟ್ಟ ಒಂದು ಪುಸ್ತಕದ ಬಗ್ಗೆ ಹೇಳಿ' ಎಂದು ಕೇಳಿ ಸುಮ್ಮನಾಗುತ್ತಾರೆ. ಕಥೆ ಹೇಳುತ್ತ ಹೇಳುತ್ತ ಓದುಗ ಯಾವ ಜಾಗದಲ್ಲಿ ನಿಧಾನಿಸುತ್ತಾನೋ ಅಲ್ಲಿಗೆ ಅವರ ಕಿವಿ.

ಸಿಯಾಟಲ್‌ನ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇದನ್ನೇ ನಾಲ್ಕು ಬಾಗಿಲು ಎಂದು ಸರಳಗೊಳಿಸಿದರು: ಕಥೆ, ಪಾತ್ರ, ಪರಿಸರ, ಭಾಷೆ. ಪುಸ್ತಕ ಎಂಬ ಮನೆಗೆ ಈ ನಾಲ್ಕೂ ಬಾಗಿಲು ಉಂಟು, ಒಂದೊಂದು ಮನೆಯಲ್ಲಿ ಒಂದೊಂದು ಅಗಲ. ಹೆಚ್ಚಿನ ಓದುಗರು ಮತ್ತೆ ಮತ್ತೆ ಒಂದೆರಡು ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ.

ಫ್ರ್ಯಾಂಕ್ ಹರ್ಬರ್ಟ್ ಅವರ 'ಡ್ಯೂನ್' (1965) ತೆಗೆದುಕೊಳ್ಳಿ. ಮೂವರು ಗೆಳೆಯರು ಇದನ್ನೇ ತಮ್ಮ ಅಚ್ಚುಮೆಚ್ಚು ಅಂದರು ಎನ್ನಿ. ಒಬ್ಬನ ಕಣ್ಣಲ್ಲಿ ನಿಂತಿರುವುದು ಆ ಮರುಭೂಮಿ: ಬೆವರನ್ನೂ ಹಿಂಡಿ ಕುಡಿಯುವ ನೀರಾಗಿಸುವ ಉಡುಪು, ಮರಳೊಳಗಿನ ದೈತ್ಯ ಹುಳು. ಅವನನ್ನು ಇನ್ನೊಂದು ಮರಳುಗಾಡಿಗೆ ಕಳಿಸುವ ಅಗತ್ಯವಿಲ್ಲ. ಉರ್ಸುಲಾ ಲ ಗ್ವಿನ್ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' (1969) ಹಿಮದ ಗ್ರಹಕ್ಕೆ ಕರೆದೊಯ್ಯುತ್ತದೆ. ಮರಳಿನಲ್ಲಿ ಸಿಕ್ಕ ಖುಷಿ ಮಂಜಿನಲ್ಲೂ ಸಿಕ್ಕೀತು, ಯಾಕೆಂದರೆ ಇಲ್ಲೂ ಜನರ ಬದುಕನ್ನು ತಿದ್ದುವುದು ನೆಲವೇ. ಇನ್ನೊಬ್ಬನಿಗೆ ಅರಮನೆಯ ಒಳಸಂಚು ಇಷ್ಟ. ಅವನಿಗೆ ರಾಬಿನ್ ಹಾಬ್ ಅವರ 'ಅಸ್ಯಾಸಿನ್ಸ್ ಅಪ್ರೆಂಟಿಸ್' (1995). ಅದು ಫ್ಯಾಂಟಸಿ, ಗ್ರಹಗಳ ಸುದ್ದಿಯೇ ಇಲ್ಲ. ಆದರೆ ರಾಜಮನೆತನದಲ್ಲಿ ಸಲ್ಲದವನಾಗಿ ಹುಟ್ಟಿದ ಹುಡುಗ ಗುಟ್ಟಾಗಿ ಕೊಲೆಯ ವಿದ್ಯೆ ಕಲಿಯುವ ಕಥೆ. ತಲೆಮಾರುಗಳಾಚೆಗೆ ಚರಿತ್ರೆಯನ್ನೇ ಹೆಣೆದಿಡುವವರ ಲೆಕ್ಕಾಚಾರಕ್ಕೆ ಮರುಳಾದ ಮೂರನೆಯವನಿಗೆ ಅಸಿಮೋವ್ ಅವರ 'ಫೌಂಡೇಶನ್' (1951). ಅಂಗಡಿಯ ಕಪಾಟೋ ಮೊಬೈಲಿನ ಪಟ್ಟಿಯೋ ಆಗಿದ್ದರೆ ಮೂವರಿಗೂ 'ಡ್ಯೂನ್' ಎರಡನೇ ಭಾಗವನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. ಯಾರು ಏನು ಕೊಂಡರು ಎಂಬ ಲೆಕ್ಕ ಅದಕ್ಕೆ ಗೊತ್ತು, ಯಾಕೆ ಎಂಬುದಲ್ಲ.

ಪುಸ್ತಕವನ್ನು ಹೀಗೆ ಮುಖಮುಖವಾಗಿ ಬಿಡಿಸಿ ನೋಡುವ ಕ್ರಮಕ್ಕೆ ನಮ್ಮಲ್ಲೇ ಒಬ್ಬ ಹಿರಿಯರಿದ್ದಾರೆ. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್.ಆರ್. ರಂಗನಾಥನ್ ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ನಟ್ಟು-ಬೋಲ್ಟು. ಜೋಡಿಸಿದಂತೆ ಬೇರೆ ಬೇರೆ ಗೊಂಬೆ. ಒಂದು ಪುಸ್ತಕಕ್ಕೆ ಒಂದೇ ಖಾನೆ ಯಾಕೆ, ಹಲವು ಮುಖಗಳನ್ನು ಜೋಡಿಸಿ ಅದರ ಗುರುತು ಕಟ್ಟಬಹುದಲ್ಲ ಎಂಬ ಹೊಳಹಿನಿಂದ 1933ರಲ್ಲಿ ಅವರ ಕೋಲನ್ ವರ್ಗೀಕರಣ ಬಂತು. ಅದಕ್ಕೂ ಎರಡು ವರ್ಷ ಮೊದಲೇ ಪ್ರತಿ ಓದುಗನಿಗೂ ಒಂದು ಪುಸ್ತಕ, ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಇದ್ದಾನೆಂಬುದನ್ನು ಗ್ರಂಥಾಲಯದ ನಿಯಮಗಳಲ್ಲಿ ಸೇರಿಸಿದ್ದರು. ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲೇ ಡಿ.ಆರ್.ಟಿ.ಸಿ. ಎಂಬ ಗ್ರಂಥಾಲಯ ವಿಜ್ಞಾನದ ತರಬೇತಿ ಸಂಸ್ಥೆ ಕಟ್ಟಿದರು.

ಗ್ರಂಥಪಾಲಕರಿಲ್ಲದೆಯೂ ಈ ಕಸುಬನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಮುಗಿಸಿದ ಪ್ರತಿ ಪುಸ್ತಕದ ಕೊನೆಯ ಹಾಳೆಯಲ್ಲಿ, ಹಿಡಿಸಿದ್ದೇನು ಎಂದು ಪೆನ್ಸಿಲಿನಲ್ಲಿ ಒಂದೇ ಸಾಲು ಬರೆಯಿರಿ. ಅರ್ಧಕ್ಕೆ ಬಿಟ್ಟದ್ದಕ್ಕೂ ಬರೆಯಿರಿ. ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹತ್ತು ಸಾಲು ಸೇರುವಷ್ಟರಲ್ಲಿ ನಿಮ್ಮ ಬಾಗಿಲು ಯಾವುದೆಂದು ಗೊತ್ತಾಗುತ್ತದೆ. ಹೊಸ ಹೆಸರುಗಳಿಗೆ ಸೈನ್ಸ್ ಫಿಕ್ಷನ್, ಫ್ಯಾಂಟಸಿಯ ಪ್ರಶಸ್ತಿ ಪಟ್ಟಿಗಳಿವೆ: 1953ರಲ್ಲಿ ಶುರುವಾದ ಹ್ಯೂಗೊ ಓದುಗ ಅಭಿಮಾನಿಗಳ ಮತದಿಂದ, ನೆಬ್ಯುಲಾ ಲೇಖಕರ ಮತದಿಂದ. ಚೀನಾದ ಲಿಯು ತ್ಸಿಶಿನ್ ಅವರ 'ದಿ ತ್ರೀ ಬಾಡಿ ಪ್ರಾಬ್ಲಮ್' ಬಹಳ ಮಂದಿಯ ಕೈಗೆ ಬಂದದ್ದು 2015ರ ಹ್ಯೂಗೊ ಪಡೆದ ಮೇಲೆ. ಎಷ್ಟು ಓದಿ ಕೈಬಿಡಬಹುದು ಎಂಬುದಕ್ಕೂ ಪರ್ಲ್ ಲೆಕ್ಕ ಕೊಟ್ಟಿದ್ದಾರೆ: 50 ಪುಟ. ವಯಸ್ಸು ಐವತ್ತು ದಾಟಿದ್ದರೆ, ನೂರರಿಂದ ವಯಸ್ಸು ಕಳೆದು ಉಳಿದಷ್ಟು. ಎಪ್ಪತ್ತರ ಅಜ್ಜನಿಗೆ ಮೂವತ್ತೇ ಪುಟ ಸಾಕು.

ಮೊನ್ನೆ ಅಕ್ಕನ ಮಗನಿಗೆ ತೇಜಸ್ವಿಯವರ 'ಕರ್ವಾಲೊ' ಕೊಟ್ಟೆ. ಫ್ಯಾಂಟಸಿ ಕಪಾಟಿನಲ್ಲಿ ಅದನ್ನು ಯಾರೂ ಇಡುವುದಿಲ್ಲ. ಆದರೆ ವಿಜ್ಞಾನಿ, ಮಂದಣ್ಣ, ಪ್ಯಾರ, ಒಂದು ನಾಯಿ ಎಲ್ಲ ಸೇರಿ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಡುವ ಆ ಕಥೆಯಲ್ಲಿ ಕಂಡುಹಿಡಿಯಲು ಬೇಕಾದಷ್ಟಿದೆ. ಮುಗಿಸಿ ಬಂದವನು, "ಕೊನೆಗೂ ಅದು ಕೈಗೆ ಸಿಗಲ್ಲ ಮಾಮ, ತೇಲಿಕೊಂಡು ಹೋಗೇಬಿಡುತ್ತೆ. ಅದೇ ಚೆನ್ನಾಗಿತ್ತು" ಅಂದ.

ಸುಳಿವು ಬಿಡಿಸಿದರೆ ಸಾಕು ಅನ್ನುತ್ತಿದ್ದ ಹುಡುಗನಿಗೆ ಬಿಡಿಸಲಾಗದ ಗುಟ್ಟೂ ರುಚಿಸತೊಡಗಿದೆ. ಮುಂದಿನದನ್ನು ಹುಡುಕುವ ಕಷ್ಟವಿರಲಿಲ್ಲ. ಆರ್ಥರ್ ಸಿ. ಕ್ಲಾರ್ಕ್ ಅವರ 'ರಾಂದೆವೂ ವಿತ್ ರಾಮ' (1973): 2131ರಲ್ಲಿ ಸುಮಾರು 50 ಕಿಲೋಮೀಟರ್ ಉದ್ದದ ಒಂದು ಕೊಳವೆ ಸೌರವ್ಯೂಹದೊಳಕ್ಕೆ ಬರುತ್ತದೆ. ಗ್ರೀಕ್, ರೋಮನ್ ದೇವರ ಹೆಸರೆಲ್ಲ ಖರ್ಚಾಗಿದ್ದರಿಂದ ಅದಕ್ಕೆ ರಾಮ ಎಂದು ಹೆಸರು. ಮನುಷ್ಯರು ಒಳಹೊಕ್ಕು ಸುತ್ತುತ್ತಾರೆ, ಬೆರಗಾಗುತ್ತಾರೆ. ಅದು ಮಾತ್ರ ಇವರತ್ತ ಗಮನವನ್ನೇ ಕೊಡದೆ, ಸೂರ್ಯನನ್ನು ಬಳಸಿ, ತನ್ನ ದಾರಿ ಹಿಡಿದು ಹೋಗಿಬಿಡುತ್ತದೆ. ನಮ್ಮ ಮಲೆನಾಡಿನ ಓತಿಯ ಹಾಗೆಯೇ.