ನಿಮಗಿದು ಗೊತ್ತೇ? ದಿಲ್ಲಿ ಬೇಡವೆಂದ ದೊರೆಗಳು, ದಿಲ್ಲಿ ಬೇಕೆಂದ ಜನ

ಸೆಪ್ಟೆಂಬರ್ 17ಕ್ಕೆ ಕಲಬುರ್ಗಿಯಲ್ಲಿ ತ್ರಿವರ್ಣ ಧ್ವಜ ಏರುತ್ತದೆ, ಪಟೇಲರ ಪ್ರತಿಮೆಗೆ ಮಾಲೆ ಬೀಳುತ್ತದೆ. ಹಲವು ವರ್ಷ ನವೆಂಬರ್ 1ರಂದು ಅದೇ ಊರಿನಲ್ಲಿ ಪ್ರತ್ಯೇಕ ರಾಜ್ಯದ ಧ್ವಜ ಏರಿಸಲು ಹೋದವರನ್ನು ಪೊಲೀಸರು ವಶಕ್ಕೆ ಪಡೆದಿದ್ದಾರೆ. ಸೇರಿದ್ದರ ಹಬ್ಬ ಒಂದು, ಬೇರೆಯಾಗುವ ಕೂಗು ಇನ್ನೊಂದು. ದೊಡ್ಡ ಒಕ್ಕೂಟದಿಂದ ಸಣ್ಣ ನಾಡೊಂದು ಹೊರಗೆ ಉಳಿಯಬೇಕೇ ಎಂಬ ಪ್ರಶ್ನೆಯನ್ನು ಈ ನೆಲದಷ್ಟು ಹತ್ತಿರದಿಂದ ಕಂಡ ಕನ್ನಡ ನೆಲ ಬೇರೆ ಇಲ್ಲ.

● ಕಲಬುರ್ಗಿ ರಾಜಧಾನಿಯಾದದ್ದೇ ದಿಲ್ಲಿಯಿಂದ ಬೇರೆಯಾದ ಕಾರಣಕ್ಕೆ. ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಖ್ಖನಿನ ಅಮೀರರು ಬಂಡೆದ್ದರು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ ಪಟ್ಟವೇರಿ ಇಲ್ಲಿ ನೆಲೆಯೂರಿದ. ಕೋಟೆಯೊಳಗೆ ಇಂದಿಗೂ ನಿಂತಿರುವ ಜಾಮಿ ಮಸೀದಿ 1367ರದು. ಬಯಲು ಅಂಗಳವಿಲ್ಲದೆ ಪೂರ್ತಿ ಚಾವಣಿ ಹೊದ್ದ ಇಂಥ ಮಸೀದಿ ಭಾರತದಲ್ಲಿ ಬಲು ಅಪರೂಪ.

● ಹಾಗೆ ಬೇರೆಯಾದ ಬಹಮನಿ ರಾಜ್ಯ ಕೊನೆಗೆ ತಾನೇ ಐದು ಪಾಲಾಯಿತು: ವಿಜಯಪುರ, ಅಹಮದನಗರ, ಗೋಲ್ಕೊಂಡ, ಬೀದರ್, ಬೇರಾರ್.

● ಎರಡನೆಯ ಬೇರ್ಪಡೆ 1724ರದು. ಮೊಗಲರ ಪರವಾಗಿ ದಖ್ಖನ್ ಆಳಬೇಕಿದ್ದ ನಿಜಾಮ್ ಉಲ್ ಮುಲ್ಕ್ ಬಾದಶಾಹನ ಹೆಸರನ್ನಷ್ಟೇ ಉಳಿಸಿಕೊಂಡು ಅಧಿಕಾರವನ್ನು ತನ್ನದಾಗಿಸಿಕೊಂಡ. ಆಸಫ್‌ಜಾಹಿ ಮನೆತನದ ಆಳ್ವಿಕೆ ಶುರುವಾದದ್ದು ಹೀಗೆ.

● ಮೂರನೆಯದೇ ನಮ್ಮ ಅಜ್ಜ-ಅಜ್ಜಿಯರು ಕಂಡದ್ದು. 1947ರ ಜೂನ್‌ನಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಫರ್ಮಾನು ಹೊರಡಿಸಿದರು: ಹೈದರಾಬಾದ್ ಭಾರತಕ್ಕೂ ಸೇರದು, ಪಾಕಿಸ್ತಾನಕ್ಕೂ ಸೇರದು, ಸ್ವತಂತ್ರವಾಗಿ ಉಳಿಯುತ್ತದೆ. ದೇಶವೆಲ್ಲ ಆಗಸ್ಟ್ 15ರ ಸಂಭ್ರಮದಲ್ಲಿದ್ದಾಗ ಕಲಬುರ್ಗಿ, ರಾಯಚೂರು, ಬೀದರ್ ಜಿಲ್ಲೆಗಳು ಹೊರಗೇ ಉಳಿದವು. ಹದಿಮೂರು ತಿಂಗಳು!

● 'ಸಣ್ಣ ದೇಶ' ಎನ್ನುವಷ್ಟು ಸಣ್ಣದೇನೂ ಆಗಿರಲಿಲ್ಲ ಅದು. ವಿಸ್ತೀರ್ಣ ಸುಮಾರು 82 ಸಾವಿರ ಚದರ ಮೈಲಿ, 1941ರ ಜನಗಣತಿಯಂತೆ ಜನಸಂಖ್ಯೆ 1.63 ಕೋಟಿ. ಸ್ವಂತ ರೈಲು, ಸ್ವಂತ ಅಂಚೆ, ಸ್ವಂತ ಸೈನ್ಯ, ವಿಮಾನ ಸಂಸ್ಥೆ ಕೂಡ. ನಾಣ್ಯವೂ ಬೇರೆ. ಚಾರ್‌ಮಿನಾರ್ ಅಚ್ಚೊತ್ತಿದ 'ಹಾಲಿ ಸಿಕ್ಕಾ' ಇಲ್ಲಿಯದು, 'ಕಲ್ದಾರ್' ಬ್ರಿಟಿಷರದು. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ್ ಸಿಗುತ್ತಿತ್ತು. ಗಡಿಯಾಚೆಯ ಸೊಲ್ಲಾಪುರಕ್ಕೆ ಸಂತೆಗೆ ಹೋಗುವವನೂ ಈ ಲೆಕ್ಕ ಬಾಯಲ್ಲಿಟ್ಟುಕೊಂಡಿರಬೇಕಿತ್ತು. ಭಾರತ ಸೇರಿದ ಮೇಲೂ ಕೆಲವು ವರ್ಷ ಹಾಲಿ ಸಿಕ್ಕಾ ಚಲಾವಣೆಯಲ್ಲಿತ್ತು.

● ಇಷ್ಟೆಲ್ಲ ಇದ್ದ ರಾಜ್ಯಕ್ಕೆ ಒಂದು ಅಂಗುಲ ಕಡಲತೀರ ಇರಲಿಲ್ಲ. ಸುತ್ತಲೂ ಭಾರತವೇ. ಹೀಗಾಗಿ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಬಂದರಿನ ಮೇಲೆ ನಿಜಾಮರ ಸರ್ಕಾರ ಕಣ್ಣಿಟ್ಟಿತ್ತು.

● ಆ ರಾಜ್ಯದಲ್ಲಿ ಸುಮಾರು ಅರ್ಧದಷ್ಟು ಜನರ ಮಾತು ತೆಲುಗು, ಕಾಲು ಭಾಗದವರದು ಮರಾಠಿ. ಕನ್ನಡ ಮತ್ತು ಉರ್ದು ಆಡುವವರು ನೂರಕ್ಕೆ ಹತ್ತು-ಹನ್ನೆರಡರಂತೆ. ಆಡಳಿತ ಮಾತ್ರ ಉರ್ದುವಿನಲ್ಲಿ, ಮೇಲಿನ ಓದೂ ಉರ್ದುವಿನಲ್ಲೇ. ನಮ್ಮ ಹಳ್ಳಿಯವನಿಗೆ ತನ್ನ ಹೊಲದ ಕಾಗದ ಓದಲು ಇನ್ನೊಬ್ಬರ ಮನೆಗೆ ಹೋಗಬೇಕಾದ ಸ್ಥಿತಿ. ಸ್ವತಂತ್ರ ಹೈದರಾಬಾದ್ ಬೇಕೇ ಎಂದು ಈ ಜನರನ್ನು ಮತ ಹಾಕಿಸಿ ಕೇಳಲೇ ಇಲ್ಲ. ನಿಜಾಮರ ಬೇಡಿಕೆಯನ್ನು ಒಪ್ಪಲು ನನ್ನ ಮನಸ್ಸು ಬಾರದಿರುವುದು ಈ ಒಂದೇ ಕಾರಣಕ್ಕೆ. ಸಿಂಹಾಸನ ಉಳಿಸಿಕೊಳ್ಳಲು ಕೇಳಿದ ಸ್ವಾತಂತ್ರ್ಯ ಬೇರೆ, ಜನ ಕೇಳುವ ಸ್ವಾತಂತ್ರ್ಯ ಬೇರೆ.

● ಜನ ಏನು ಕೇಳಿದರು ಎಂಬುದಕ್ಕೆ ಸಾಕ್ಷಿ 1947ರ ಆಗಸ್ಟ್ 7. ಅಂದು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ 'ಭಾರತ ಒಕ್ಕೂಟ ಸೇರಿ' ಎಂದು ಸತ್ಯಾಗ್ರಹ ಹೂಡಿತು. ಮುಂದಾಳು ಸ್ವಾಮಿ ರಮಾನಂದ ತೀರ್ಥರು. ಮೇಷ್ಟ್ರಾಗಿದ್ದ ಈ ಸನ್ಯಾಸಿ ಹುಟ್ಟಿದ್ದು ಅಂದಿನ ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯಲ್ಲಿ, 1903ರಲ್ಲಿ. ಕಾವಿ ಉಟ್ಟವರು ಮಠದಲ್ಲಿ ಕೂರದೆ ಸೆರೆಮನೆಗೆ ನಡೆದರು. ಇವರ ಹೆಸರು ಇಂದಿನ ಮಕ್ಕಳಿಗೆ ಪಟೇಲರ ಹೆಸರಿನಷ್ಟೇ ಪರಿಚಯವಿರಬೇಕು. ಹಾಗಿಲ್ಲವೆಂಬುದು ನನ್ನ ನೋವು.

● ಗಡಿಯಾಚೆ ನಿಂತು ಹೋರಾಡಿದವರೂ ಇದ್ದರು. ಮುಂಡರಗಿಯ ಶಿಬಿರ ಕಟ್ಟಿದವರು ಅಳವಂಡಿ ಶಿವಮೂರ್ತಿ ಸ್ವಾಮಿಗಳು. ಮುಂದೆ ಅವರು 1952ರಲ್ಲಿ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಹೋದರು.

● ನಿಜಾಮರ ಪರ ನಿಂತ ಖಾಸಿಂ ರಜ್ವಿಯ ಖಾಸಗಿ ಪಡೆ, ರಜಾಕಾರರ ಹಾವಳಿಯನ್ನು ಇಲ್ಲಿಯ ಹಳ್ಳಿಗಳು ಇನ್ನೂ ಮರೆತಿಲ್ಲ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಹತ್ಯಾಕಾಂಡ ನಡೆಯಿತು. ಸತ್ತವರು 200ಕ್ಕೂ ಹೆಚ್ಚು ಎನ್ನುತ್ತಾರೆ. ಇವತ್ತು ಅಲ್ಲಿ ಸ್ಮಾರಕವಿದೆ.

● ಭಾರತ ಸೇನೆಯ 'ಆಪರೇಷನ್ ಪೋಲೊ' ಶುರುವಾದದ್ದು 1948ರ ಸೆಪ್ಟೆಂಬರ್ 13ಕ್ಕೆ, ಮುಗಿದದ್ದು 17ಕ್ಕೆ. ಮುಖ್ಯ ಪಡೆ ಸೊಲ್ಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ, ಹುಮನಾಬಾದ್ ದಾರಿ ಹಿಡಿಯಿತು. ಇಂದು ಕಲಬುರ್ಗಿಯಿಂದ ಕಮಲಾಪುರ ದಾಟಿ ಉತ್ತರಕ್ಕೆ ಹೋದರೆ ಸಿಗುವ ಹುಮನಾಬಾದೇ ಅದು. 17ರ ಸಂಜೆ ನಿಜಾಮರು ರೇಡಿಯೊದಲ್ಲಿ ಶರಣಾಗತಿ ಸಾರಿದರು.

● ಆಮೇಲಿನ ಕಥೆಯನ್ನು ನಾವು ಕಡಿಮೆ ಹೇಳುತ್ತೇವೆ. ಹೇಳಲೇಬೇಕು. ರಜಾಕಾರರು ಅಡಗಿದ ಮೇಲೆ ಸೇಡು ಶುರುವಾಯಿತು. ರಜಾಕಾರರ ಜತೆ ಯಾವ ಸಂಬಂಧವೂ ಇಲ್ಲದ ಸಾಮಾನ್ಯ ಮುಸ್ಲಿಮರು ಬಲಿಯಾದರು. ಪರಿಸ್ಥಿತಿ ತಿಳಿಯಲು ನೆಹರೂ ಕಳಿಸಿದ್ದು ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರಿದ್ದ ತಂಡವನ್ನು. ರಾಜ್ಯದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಆ ತಂಡ ಅಂದಾಜಿಸಿತು. ಅತಿ ಹೆಚ್ಚು ನಲುಗಿದವೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು, ಕಲಬುರ್ಗಿ ಮತ್ತು ಬೀದರ್. ಉಳಿದವು ಉಸ್ಮಾನಾಬಾದ್, ನಾಂದೇಡ್. ಆ ವರದಿ ಸಾರ್ವಜನಿಕರ ಕೈಗೆ ಬರಲು 2013ರವರೆಗೆ ಕಾಯಬೇಕಾಯಿತು. ಸೇರ್ಪಡೆ ಸರಿಯಾದದ್ದೇ ಎಂದು ನಂಬುವ ನಾನು ಈ ಸಾವುಗಳನ್ನೂ ಗೋರ್ಟಾದ ಸಾವುಗಳ ಪಕ್ಕದಲ್ಲೇ ಎಣಿಸುತ್ತೇನೆ. ಸೆಪ್ಟೆಂಬರ್ 17ರ ಭಾಷಣಗಳಲ್ಲೂ ಎರಡೂ ಬರಬೇಕು.

● ಕಲಬುರ್ಗಿಯ ಹಣೆಬರಹ ಪ್ಯಾರಿಸ್‌ನಲ್ಲೂ ಚರ್ಚೆಯಾಗಿತ್ತು. ನಿಜಾಮರ ಸರ್ಕಾರ ವಿಶ್ವಸಂಸ್ಥೆಗೆ ದೂರು ಕೊಟ್ಟಿತ್ತು. ಭದ್ರತಾ ಮಂಡಳಿ ಅದನ್ನು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ರಂದು, ಅಂದರೆ ಶರಣಾಗತಿಗೆ ಒಂದೇ ದಿನ ಮೊದಲು. ವಾರ ಕಳೆಯುವುದರೊಳಗೆ ನಿಜಾಮರೇ ದೂರನ್ನು ಹಿಂದಕ್ಕೆ ಪಡೆದರು.

● ಆ ಗದ್ದಲದಲ್ಲೇ ಹೈದರಾಬಾದ್ ಸರ್ಕಾರದ ಖಾತೆಯಿಂದ ಸುಮಾರು 10 ಲಕ್ಷ ಪೌಂಡ್ ಹಣ ಲಂಡನ್ನಿನಲ್ಲಿ ಪಾಕಿಸ್ತಾನದ ಹೈಕಮಿಷನರರ ಖಾತೆಗೆ ಸೇರಿತ್ತು. ಯಾರದು ಹಣ? ತಕರಾರು ಎಪ್ಪತ್ತು ವರ್ಷ ಎಳೆಯಿತು. 2019ರ ಅಕ್ಟೋಬರ್‌ನಲ್ಲಿ ಅಲ್ಲಿಯ ಹೈಕೋರ್ಟ್ ಭಾರತ ಮತ್ತು ನಿಜಾಮರ ವಾರಸುದಾರರ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಮೊತ್ತ 3.5 ಕೋಟಿ ಪೌಂಡ್ ಆಗಿತ್ತು.

● ಜನರನ್ನು ಕೇಳಿ ತೀರ್ಮಾನಿಸಿದ ನಾಡುಗಳೂ ಇವೆ. 1905ರಲ್ಲಿ ಸ್ವೀಡನ್ನಿನ ಜತೆಗಿನ ಒಕ್ಕೂಟ ಮುರಿಯುವ ಬಗ್ಗೆ ನಾರ್ವೆ ಮತ ಕೇಳಿದಾಗ ಬೇಡವೆಂದವರು 184 ಮಂದಿ, ಬೇಕೆಂದವರು 3.68 ಲಕ್ಷ. ಕೆನಡಾದ ಕ್ವಿಬೆಕ್‌ನಲ್ಲಿ 1995ರಲ್ಲಿ ಉಳಿಯೋಣ ಎಂದವರು ಶೇ 50.58. ಸ್ಕಾಟ್ಲೆಂಡಿನಲ್ಲಿ 2014ರ ಸೆಪ್ಟೆಂಬರ್ 18ರಂದು ಹದಿನಾರರ ಹುಡುಗರಿಗೂ ಮತ ಕೊಟ್ಟು ಕೇಳಿದರು. ಶೇ 55ರಷ್ಟು ಜನ ಬ್ರಿಟನ್ ಬಿಡುವುದು ಬೇಡ ಎಂದರು. ಒಂದು ಹನಿ ರಕ್ತ ಬೀಳಲಿಲ್ಲ.

● ನಮ್ಮಲ್ಲಿ ಮತಪೆಟ್ಟಿಗೆ ಬಂದದ್ದು ಸೇರ್ಪಡೆಯಾದ ಮೇಲೆ. ಮೊದಲ ಲೋಕಸಭಾ ಚುನಾವಣೆಯಲ್ಲಿ ಕಲಬುರ್ಗಿ ಆರಿಸಿದ್ದು ಯಾರನ್ನು ಗೊತ್ತೇ? ಅದೇ ಸ್ವಾಮಿ ರಮಾನಂದ ತೀರ್ಥರನ್ನು.

● ತೆಲಂಗಾಣದ ಮುಖ್ಯಮಂತ್ರಿಯಾದ ರೇವಂತ್ ರೆಡ್ಡಿ ಅವರ ಕ್ಷೇತ್ರ ಕೊಡಂಗಲ್ 1956ರವರೆಗೆ ಕಲಬುರ್ಗಿ ಜಿಲ್ಲೆಯ ತಾಲ್ಲೂಕು. ತಾಂಡೂರು ಕೂಡ. ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿದಾಗ ಇವೆರಡೂ ಆಂಧ್ರಕ್ಕೆ ಹೋದವು.

● ಭಾರತದ ಸಂವಿಧಾನದಲ್ಲಿ ಒಕ್ಕೂಟ ಬಿಟ್ಟುಹೋಗುವ ದಾರಿ ಇಲ್ಲ. ಒಕ್ಕೂಟದೊಳಗೇ ಬೇರೆ ರಾಜ್ಯ ಕಟ್ಟುವ ದಾರಿ ಉಂಟು, 3ನೇ ವಿಧಿ. ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಆದರೆ ತೀರ್ಮಾನ ಸಂಸತ್ತಿನದು. 2014ರಲ್ಲಿ ತೆಲಂಗಾಣ ಹುಟ್ಟಿದ್ದು ಈ ವಿಧಿಯಿಂದಲೇ, ಆಂಧ್ರದ ಶಾಸನಸಭೆ ಬೇಡವೆಂದರೂ.

● ಹಾಗಾದರೆ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ರಾಜ್ಯ ಏಕೆ ಬೇಕೆನ್ನುತ್ತಾರೆ? ಉತ್ತರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯಲ್ಲಿದೆ. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರ್ಗಿ ವಿಭಾಗದವು. ಈ ಒಂದು ಅಂಕಿ ನೋಡಿದವರು ಆ ಕೂಗನ್ನು ಹಗುರವಾಗಿ ಕಾಣಲಾರರು. ಮದ್ದಾಗಿ ಬಂದದ್ದು 371(ಜೆ): ಸಂವಿಧಾನದ 98ನೇ ತಿದ್ದುಪಡಿ, ಜಾರಿಗೆ ಬಂದದ್ದು 2013ರಲ್ಲಿ. ಇಲ್ಲಿಯ ಸರ್ಕಾರಿ ಕಚೇರಿಗಳ 'ಡಿ' ಗುಂಪಿನ ಹುದ್ದೆಗಳಲ್ಲಿ ಶೇ 85, 'ಸಿ' ಗುಂಪಿನಲ್ಲಿ ಶೇ 80 ಸ್ಥಳೀಯರಿಗೆ. ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಲ್ಲೂ ಪಾಲು. ಬೇರೆಯಾಗದೆಯೂ ಹಕ್ಕು ಪಡೆಯಬಹುದೆಂದು ತೋರಿಸಿದ್ದು ಇದು. ಆದರೆ ಖಾಲಿ ಹುದ್ದೆ ತುಂಬದೆ ಬಿಟ್ಟರೆ ಮೀಸಲಾತಿ ಕಾಗದದಲ್ಲೇ ಉಳಿಯುತ್ತದೆ, ಕೂಗು ಮತ್ತೆ ಏಳುತ್ತದೆ.

● ಕಮಲಾಪುರದ ಹೆಸರಿನಲ್ಲಿ ಒಂದು ವಿಧಾನಸಭಾ ಕ್ಷೇತ್ರವಿತ್ತು; 2008ರ ಪುನರ್ವಿಂಗಡಣೆಯಲ್ಲಿ ಅದು ಅಳಿಸಿಹೋಯಿತು. ಹತ್ತು ವರ್ಷದ ಬಳಿಕ, 2018ರಲ್ಲಿ, ಕಲಬುರ್ಗಿ ತಾಲ್ಲೂಕಿನಿಂದ ಬೇರ್ಪಟ್ಟು ಕಮಲಾಪುರ ತಾನೇ ತಾಲ್ಲೂಕಾಯಿತು. ಭೌಗೋಳಿಕ ಸೂಚಕ ಪಡೆದ ಕೆಂಪು ಬಾಳೆಯ ಊರಿದು. ಸಿಪ್ಪೆ ಕಡುಗೆಂಪು, ತಿರುಳು ಕೆನೆಬಣ್ಣ, ಗೊನೆ ಬಲಿಯಲು ಬೇರೆ ಬಾಳೆಗಿಂತ ಹೆಚ್ಚು ಕಾಲ. ಪಹಣಿ ತಿದ್ದುಪಡಿಗೋ ಜಾತಿ-ಆದಾಯ ಪ್ರಮಾಣಪತ್ರಕ್ಕೋ ದಿನದ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತುತ್ತಿದ್ದವನಿಗೆ ತಹಸೀಲ್ದಾರರು ಊರಲ್ಲೇ ಸಿಗುವುದು ಸಣ್ಣ ಮಾತಲ್ಲ. ಬೇರೆಯಾಗುವುದಕ್ಕೆ ನಾನು ಮನಸಾರೆ ಕೈ ಎತ್ತುವುದು ಇಂಥ ಕಡೆ, ಕಚೇರಿ ಜನರ ಹತ್ತಿರ ಬರುವ ಕಡೆ.

● ಬೀದರ್-ಕಲಬುರ್ಗಿ ರೈಲುಮಾರ್ಗ ಹಾದುಹೋಗುವುದು ಇದೇ ಕಮಲಾಪುರದ ಮೇಲೆ. ಸುಮಾರು 110 ಕಿ.ಮೀ. ದಾರಿ ಪೂರ್ತಿಯಾಗಿ ತೆರೆದದ್ದು 2017ರ ಅಕ್ಟೋಬರ್‌ನಲ್ಲಿ, ಎರಡು ದಶಕ ಕಾದ ಮೇಲೆ. ಕಲಬುರ್ಗಿಗೆ ಪ್ರತ್ಯೇಕ ರೈಲ್ವೆ ವಿಭಾಗ ಕೊಡುವ ಘೋಷಣೆ 2014ರ ಹೊತ್ತಿಗೇ ಆಗಿತ್ತು. ಘೋಷಣೆಯಾಗಿ ದಶಕವೇ ದಾಟಿದರೂ ಕಲಬುರ್ಗಿ ನಿಲ್ದಾಣದ ಕಡತ ಸೊಲ್ಲಾಪುರಕ್ಕೇ ಹೋಗಬೇಕು. ಒಕ್ಕೂಟ ಸೇರಲು ಸೆರೆಮನೆ ಕಂಡ ಜನರ ಊರಿಗೆ ಈ ವಿಭಾಗವನ್ನು ದಿಲ್ಲಿ ಇನ್ನು ತಡಮಾಡದೆ ಕೊಡಬೇಕು.