ಮೆಗ್ಗಾನ್‌ನ ಅಳತೆಗೋಲು ಭದ್ರಾವತಿಯಲ್ಲಿದೆ

ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ಮೆಗ್ಗಾನ್ ಬೋಧನಾ ಜಿಲ್ಲಾ ಆಸ್ಪತ್ರೆ ಸುತ್ತಲಿನವರ ಮಾತಿನಲ್ಲಿ ಬರೀ ಮೆಗ್ಗಾನ್, ಇಲ್ಲವೇ ದೊಡ್ಡಾಸ್ಪತ್ರೆ. ಮೈಸೂರು ಸಂಸ್ಥಾನದ ಕಾಲದ ವೈದ್ಯಾಧಿಕಾರಿಯ ಹೆಸರು ಹೊತ್ತ ಈ ಆಸ್ಪತ್ರೆ ಈಗ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ, ಅಂದರೆ ಸಿಮ್ಸ್‌ನ, ಬೋಧನಾ ಆಸ್ಪತ್ರೆ. 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಜಿಲ್ಲಾಸ್ಪತ್ರೆಗೆ ಪ್ರಾಧ್ಯಾಪಕರು, ಕಿರಿಯ ವೈದ್ಯರು, ವಿದ್ಯಾರ್ಥಿಗಳು ಬಂದರು, ವಿಭಾಗಗಳು ಹೆಚ್ಚಿದವು. ಹೆರಿಗೆ, ಮಕ್ಕಳು, ಮೂಳೆ, ಕಣ್ಣು, ಮನೋರೋಗ, ಶಸ್ತ್ರಚಿಕಿತ್ಸೆ, ನವಜಾತ ಶಿಶುಗಳ ವಿಶೇಷ ಆರೈಕೆ, ಡಯಾಲಿಸಿಸ್, ರಕ್ತನಿಧಿ ಎಲ್ಲವೂ ಒಂದೇ ಆವರಣದಲ್ಲಿವೆ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಸುಮಾರು ಹದಿನೇಳೂವರೆ ಲಕ್ಷ ಜನ. ಆ ಲೆಕ್ಕದಾಚೆಯ ತರೀಕೆರೆ, ಚನ್ನಗಿರಿ, ಹೊನ್ನಾಳಿ ಕಡೆಯವರೂ ಇಲ್ಲಿಗೇ ಬರುತ್ತಾರೆ. ಕೋವಿಡ್ ಕಾಲದಲ್ಲಿ ಜಿಲ್ಲೆಯ ನಿಯೋಜಿತ ಆಸ್ಪತ್ರೆಯಾಗಿ ದುಡಿದದ್ದೂ ಇದೇ.

ಇಷ್ಟು ದೊಡ್ಡ ಸಂಸ್ಥೆ ಚೆನ್ನಾಗಿ ನಡೆಯುತ್ತಿದೆಯೇ ಎಂದು ಅಳೆಯುವುದು ಹೇಗೆ? ರೂಢಿಯ ಅಳತೆ ಜನಸಂದಣಿ. ಚೀಟಿ ಕೌಂಟರಿನ ಸಾಲು ಉದ್ದವಿದ್ದರೆ ಅಧಿಕಾರಿಗಳಿಗೆ ಅದು ಜನರ ನಂಬಿಕೆಯ ಗುರುತು, ಟೀಕಾಕಾರರಿಗೆ ಅವ್ಯವಸ್ಥೆಯ ಗುರುತು. ಎರಡೂ ವಾದಗಳು ಆಸ್ಪತ್ರೆಯ ಕಾಂಪೌಂಡಿನ ಒಳಗಷ್ಟೇ ನೋಡುತ್ತವೆ. ದೊಡ್ಡಾಸ್ಪತ್ರೆಯ ಗುಣಮಟ್ಟದ ಬಹುಪಾಲು ಅದರ ಗೇಟಿನ ಹೊರಗೇ ತೀರ್ಮಾನವಾಗಿರುತ್ತದೆ: ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಗುಣವಾದ ಮೇಲೆ ಎಲ್ಲಿಗೆ ಹೋಗುತ್ತಾರೆ. ಸಾರ್ವಜನಿಕ ಆಸ್ಪತ್ರೆಗಳ ರಾಷ್ಟ್ರೀಯ ಮಾನದಂಡಗಳು ಹಾಸಿಗೆಗಳ ಲೆಕ್ಕ ಹಾಕುವಾಗ ನೂರಕ್ಕೆ ಎಂಬತ್ತರಷ್ಟು ತುಂಬಿರುತ್ತವೆ ಎಂದು ಹಿಡಿಯುತ್ತವೆ. ಉಳಿದ ಇಪ್ಪತ್ತು ವ್ಯರ್ಥವಲ್ಲ; ನಡುರಾತ್ರಿ ಹೆದ್ದಾರಿಯ ಅಪಘಾತದಿಂದ ಬರುವವರಿಗೆ ಇಟ್ಟುಕೊಂಡ ಜಾಗ. ಆ ಜಾಗವನ್ನು ತಾಲ್ಲೂಕಿನಲ್ಲೇ ವಾಸಿಯಾಗಬಹುದಾದ ಜ್ವರ, ಸಹಜ ಹೆರಿಗೆಗಳು ತುಂಬಿದರೆ ಪ್ರಾಧ್ಯಾಪಕರು ಎಷ್ಟೇ ನುರಿತವರಾಗಿರಲಿ, ಕೆಲಸ ಸೊರಗುತ್ತದೆ. ಹಾಗಾಗಿ ಮೆಗ್ಗಾನ್‌ನ ಸಾಧನೆಯನ್ನು ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಯ ತಾಲ್ಲೂಕು ಆಸ್ಪತ್ರೆಯಿಂದ ಅಳೆಯಲು ಶುರುಮಾಡಬೇಕು.

ಭದ್ರಾವತಿಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಸರ್‌ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಉಕ್ಕಿನ ಕಾರ್ಖಾನೆ, ಮೈಸೂರು ಕಾಗದ ಕಾರ್ಖಾನೆ ಇವೆರಡರ ಸುತ್ತ ಬೆಳೆದ ಊರಿದು. ಅಂಥ ಊರಿನಲ್ಲಿ ನೌಕರಿಯ ಜೊತೆಗೇ ಕ್ವಾರ್ಟರ್ಸು, ಶಾಲೆ, ಕಂಪನಿ ಆಸ್ಪತ್ರೆಯೂ ಬರುತ್ತಿದ್ದವು. ಕಾಗದ ಕಾರ್ಖಾನೆ ಸುಮಾರು 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು, ಅದೇ ವರ್ಷ ಭಾಗಶಃ ಉತ್ಪಾದನೆ ಮತ್ತೆ ಶುರುವಾದರೂ ಅನಿಶ್ಚಿತತೆ ಕಳೆಯಲಿಲ್ಲ. ಕಾರ್ಖಾನೆ ಸೊರಗಿದ ಊರಿನಲ್ಲಿ ವಯಸ್ಸಾದ ಕಾರ್ಮಿಕರ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಸಿರಾಟದ ತೊಂದರೆ ಮಾಯವಾಗುವುದಿಲ್ಲ. ಅವುಗಳ ಹೊಣೆ ಕಂಪನಿಯಿಂದ ಸರ್ಕಾರಿ ಆಸ್ಪತ್ರೆಗೆ ದಾಟುತ್ತದೆ, ಅಷ್ಟೆ. ಆ ಹೊರೆಯನ್ನು ತಾಲ್ಲೂಕು ಆಸ್ಪತ್ರೆ ಹೊರದಿದ್ದರೆ ಮುಂದಿನ ನಿಲ್ದಾಣ ಮೆಗ್ಗಾನ್.

ಹೆರಿಗೆಯ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ತಾಲ್ಲೂಕು ಮಟ್ಟದ ಆಸ್ಪತ್ರೆ ಮೊದಲ ರೆಫರಲ್ ಘಟಕ ಎನ್ನಿಸಿಕೊಳ್ಳಲು ಮುಖ್ಯವಾಗಿ ಮೂರು ಷರತ್ತುಗಳಿವೆ: ದಿನದ 24 ಗಂಟೆಯೂ ಸಿಸೇರಿಯನ್ ಸೇರಿದಂತೆ ತುರ್ತು ಹೆರಿಗೆ ಸೇವೆ, ನವಜಾತ ಶಿಶುವಿನ ಆರೈಕೆ, ರಕ್ತ ಸಂಗ್ರಹದ ಸೌಲಭ್ಯ. ಸ್ತ್ರೀರೋಗ ತಜ್ಞರಿದ್ದು ಅರಿವಳಿಕೆ ತಜ್ಞರು ರಜೆಯಲ್ಲಿದ್ದರೆ ಆ ರಾತ್ರಿ ಮೊದಲ ಷರತ್ತು ಬಿದ್ದುಹೋಗುತ್ತದೆ. ಇಬ್ಬರೂ ಇದ್ದು ರಕ್ತವಿಲ್ಲದಿದ್ದರೆ ಮೂರನೆಯದು ಬೀಳುತ್ತದೆ. ಆಗ ‘ಮೆಗ್ಗಾನ್‌ಗೆ ಬರೆದುಕೊಡುವುದು’ ಬಿಟ್ಟು ಬೇರೆ ದಾರಿಯಿಲ್ಲ. ಹೆರಿಗೆಯ ನಂತರದ ತೀವ್ರ ರಕ್ತಸ್ರಾವ ಎರಡು ಗಂಟೆಯೊಳಗೆ ಜೀವ ತೆಗೆಯಬಲ್ಲದು. ಆಂಬುಲೆನ್ಸಿಗೆ ಕಾಯುವುದು, ದಾರಿ, ದೊಡ್ಡಾಸ್ಪತ್ರೆಯಲ್ಲಿ ದಾಖಲಾತಿ ಎಲ್ಲ ಸೇರಿದರೆ ಆ ಹೊತ್ತು ಬೇಗ ಕರಗುತ್ತದೆ. ತಾಯಿಗೆ ಮೆಗ್ಗಾನ್‌ನಲ್ಲಿ ಏನಾದರೂ ಆದರೆ ಲೆಕ್ಕ ಮೆಗ್ಗಾನ್‌ನ ಪುಸ್ತಕಕ್ಕೆ ಸೇರುತ್ತದೆ. ಬರಿಯ ಸಾವಿನ ಸಂಖ್ಯೆ ನೋಡಿ ಸರ್ಕಾರಿ ದೊಡ್ಡಾಸ್ಪತ್ರೆಯನ್ನು ಖಾಸಗಿಯೊಂದಿಗೆ ಹೋಲಿಸುವುದು ತಪ್ಪಾಗುವುದು ಇಲ್ಲೇ: ಬೇರೆಡೆ ಕೈಚೆಲ್ಲಿದ ರೋಗಿಗಳು ಕೊನೆಗೆ ಬಂದು ಸೇರುವ ಕಡೆ ಸಾವು ಹೆಚ್ಚಿರುವುದು ಸಹಜ.

ಶಿವಮೊಗ್ಗ ಜಿಲ್ಲೆಯ ಅನುಭವವೇ ಇನ್ನೊಂದು ಸಾಕ್ಷ್ಯ ಕೊಡುತ್ತದೆ. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರ ವೈರಾಣುವನ್ನು ನೇರವಾಗಿ ಕೊಲ್ಲುವ ಔಷಧ ಇಂದಿಗೂ ಇಲ್ಲ. ಬೇಗ ಗುರುತಿಸಿ, ದೇಹದ ದ್ರವಾಂಶ ಕಾಯ್ದುಕೊಂಡು, ರಕ್ತಸ್ರಾವವನ್ನು ಗಮನಿಸುವುದೇ ಚಿಕಿತ್ಸೆ. ಅಂದರೆ ಜೀವ ಉಳಿಯುವುದು ಉಣುಗು ಕಚ್ಚಿದವರ ಜ್ವರವನ್ನು ಮೊದಲು ನೋಡುವ ಹಳ್ಳಿಯ ವೈದ್ಯರ ಅನುಮಾನದಿಂದ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಹಬ್ಬಿದಾಗ ಅನೇಕ ರೋಗಿಗಳನ್ನು ಮಣಿಪಾಲಕ್ಕೆ ಒಯ್ಯಬೇಕಾಯಿತು. ಪರೀಕ್ಷೆಯ ಪ್ರಯೋಗಾಲಯ ಶಿವಮೊಗ್ಗದಲ್ಲೇ ಇದ್ದೂ ತೀವ್ರ ಆರೈಕೆಗೆ ಘಟ್ಟ ಇಳಿಯಬೇಕಾಯಿತು ಎಂಬುದು ಕೇವಲ ಒಂದು ಕಟ್ಟಡದ ಕೊರತೆಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತೀವ್ರ ನಿಗಾ ಘಟಕದವರೆಗಿನ ಸಾಲಿನಲ್ಲಿ ಎಲ್ಲಿ ಸಡಿಲವಿದ್ದರೂ ಬೆಲೆ ತೆರುವವನು ರೋಗಿ.

ಈ ಸಾಲನ್ನು ಹಿಡಿದು ನಿಲ್ಲಿಸುವವರು ಯಾರು ಎಂಬಲ್ಲಿ ತೊಡಕಿದೆ. ಮೆಗ್ಗಾನ್ ಇರುವುದು ವೈದ್ಯಕೀಯ ಶಿಕ್ಷಣ ಇಲಾಖೆಯ ಅಡಿ. ಭದ್ರಾವತಿಯ ತಾಲ್ಲೂಕು ಆಸ್ಪತ್ರೆ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯದು. ಆಯವ್ಯಯ ಬೇರೆ, ನೇಮಕಾತಿ ಬೇರೆ. ರೋಗಿಯನ್ನು ಮೇಲಕ್ಕೆ ಕಳಿಸಲು ಒಂದು ಚೀಟಿ ಸಾಕು. ಚೇತರಿಸಿಕೊಂಡವರನ್ನು ಕೆಳಗೆ ಮರಳಿಸಿ ಗಾಯದ ಡ್ರೆಸಿಂಗು, ಮಾತ್ರೆ, ಮುಂದಿನ ತಪಾಸಣೆಯನ್ನು ತಾಲ್ಲೂಕಿಗೆ ಒಪ್ಪಿಸುವ ವ್ಯವಸ್ಥೆಗೆ ಎರಡು ಇಲಾಖೆಗಳ ಒಡಂಬಡಿಕೆ ಬೇಕು. ಅದು ಗಟ್ಟಿಯಾಗಿರದ ಕಡೆ, ಹೊಲಿಗೆ ಬಿಚ್ಚಿಸಿಕೊಳ್ಳಲು ಸಹ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಾಗುತ್ತದೆ. ಈ ಖರ್ಚು ಯಾವ ಇಲಾಖೆಯ ಲೆಕ್ಕಕ್ಕೂ ಬರುವುದಿಲ್ಲ.

ಮೆಗ್ಗಾನ್‌ನನ್ನು ಭದ್ರಾವತಿಯಿಂದ ಅಳೆಯಬೇಕೆಂಬ ಈ ವಾದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಜನ ತಾವಾಗಿಯೇ ದೊಡ್ಡಾಸ್ಪತ್ರೆಗೆ ಹೋಗುತ್ತಾರೆ, ತಡೆಯುವುದು ಹೇಗೆ? ತಡೆಯಬೇಕಿಲ್ಲ. ತಜ್ಞರು ಸಿಗುತ್ತಾರೋ ಇಲ್ಲವೋ ಎಂಬ ಅನುಮಾನವಿದ್ದಾಗ ಖಚಿತವಿರುವ ಕಡೆಗೆ ಹೋಗುವುದು ಜಾಣತನ. ಭದ್ರಾವತಿಯಲ್ಲೂ ಆ ಖಚಿತತೆ ಬಂದರೆ ಜನ ದೂರ ಹೋಗುವುದಿಲ್ಲ. ಎರಡನೆಯದು, ವೈದ್ಯ ವಿದ್ಯಾರ್ಥಿಗಳ ಕಲಿಕೆಗೆ ರೋಗಿಗಳ ಸಂಖ್ಯೆ ಬೇಕು ಎಂಬ ಮಾತು. ನಿಜ, ಆದರೆ ವಿದ್ಯಾರ್ಥಿ ಕಲಿಯಬೇಕಾದದ್ದು ನೂಕುನುಗ್ಗಲಿನಲ್ಲಿ ಎರಡು ನಿಮಿಷಕ್ಕೆ ಚೀಟಿ ಬರೆಯುವುದನ್ನಲ್ಲ. ಸಾಮಾನ್ಯ ಕಾಯಿಲೆಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲೇ, ಹಿರಿಯರ ಮೇಲ್ವಿಚಾರಣೆಯಲ್ಲಿ ಕಲಿಸಿದರೆ ಎರಡೂ ಕಡೆಗೆ ಲಾಭ. ಮೂರನೆಯದು ಗಟ್ಟಿಯಾದ ಆಕ್ಷೇಪ: ಆಯುಷ್ಮಾನ್ ಕಾರ್ಡು ಇರುವಾಗ, ನಗರದಲ್ಲಿ ಖಾಸಗಿ ಆಸ್ಪತ್ರೆಗಳಿರುವಾಗ ಸರ್ಕಾರಿ ಆಸ್ಪತ್ರೆಗೆ ಯಾಕಿಷ್ಟು ಚಿಂತೆ? 2018ರಲ್ಲಿ ಒಂದಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ, ನಿಜ. ಆದರೆ ಅದು ರೂಪುಗೊಂಡದ್ದೇ ಸಾರ್ವಜನಿಕ ಆಸ್ಪತ್ರೆಯನ್ನು ಬುನಾದಿಯಾಗಿಟ್ಟುಕೊಂಡು: ಅಲ್ಲಿ ಆಗದ ಚಿಕಿತ್ಸೆಗೆ ಶಿಫಾರಸು ಪತ್ರದೊಂದಿಗೆ ಖಾಸಗಿಗೆ, ತುರ್ತು ಇದ್ದರೆ ಪತ್ರವಿಲ್ಲದೆ. ಮೇಲಾಗಿ ಕಾರ್ಡಿನ ಭರವಸೆ ಮುಖ್ಯವಾಗಿ ಒಳರೋಗಿಯಾದವರಿಗೆ. ತಿಂಗಳು ತಿಂಗಳು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ನಿವೃತ್ತ ಕಾರ್ಮಿಕನಿಗೆ ಆಸರೆ ಊರಿನ ಸರ್ಕಾರಿ ಆಸ್ಪತ್ರೆಯ ಔಷಧ ಕೌಂಟರೇ.

ಹಾಗಾದರೆ ಪ್ರಗತಿ ವರದಿಯಲ್ಲಿ ಏನಿರಬೇಕು? ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳು ರೋಗಿಯ ಹಕ್ಕು, ಸೋಂಕು ನಿಯಂತ್ರಣ, ಚಿಕಿತ್ಸೆಯ ಫಲಿತಾಂಶ ಮೊದಲಾದ ಎಂಟು ವಿಭಾಗಗಳಲ್ಲಿ ಅಂಕ ಕೊಡುತ್ತವೆ. ಆದರೆ ಆ ಅಂಕ ಒಂದೊಂದು ಆಸ್ಪತ್ರೆಗೆ ಬಿಡಿಬಿಡಿಯಾಗಿ ಸಿಗುತ್ತದೆ. ಶಿವಮೊಗ್ಗ ಮತ್ತು ಭದ್ರಾವತಿಗೆ ಬೇಕಿರುವುದು ಎರಡೂ ಆಸ್ಪತ್ರೆಗಳು ಜಂಟಿಯಾಗಿ ಸಹಿ ಹಾಕುವ ತಿಂಗಳ ಲೆಕ್ಕ: ಭದ್ರಾವತಿಯಿಂದ ಎಷ್ಟು ಮಂದಿಯನ್ನು ಕಳಿಸಲಾಯಿತು, ಯಾವ ಕೊರತೆಗಾಗಿ, ಕಳಿಸಿದ ಎಷ್ಟು ಹೊತ್ತಿಗೆ ಚಿಕಿತ್ಸೆ ಶುರುವಾಯಿತು, ಎಷ್ಟು ಮಂದಿ ಮುಂದಿನ ಆರೈಕೆಗೆ ಮರಳಿದರು, ಎಷ್ಟು ರಾತ್ರಿ ಅರಿವಳಿಕೆ ತಜ್ಞರಾಗಲಿ ರಕ್ತವಾಗಲಿ ಇರಲಿಲ್ಲ. ಇದಕ್ಕೆ ಹೊಸ ಕಟ್ಟಡ ಬೇಡ. ಈಗಾಗಲೇ ದಾಖಲಾತಿ ಪುಸ್ತಕಗಳಲ್ಲಿ ಬರೆಯುವ ವಿವರವನ್ನು ಜೋಡಿಸಿ, ಎರಡೂ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳ ಮುಂದಿಟ್ಟರೆ ಸಾಕು. ಆಗ ಮೆಗ್ಗಾನ್‌ಗೆ ಹಾಸಿಗೆ ಸಾಲದೋ, ಭದ್ರಾವತಿಗೆ ತಜ್ಞರು ಸಾಲದೋ ಎಂಬುದನ್ನು ಸಾಲಿನ ಉದ್ದ ನೋಡಿ ಊಹಿಸಬೇಕಾಗುವುದಿಲ್ಲ. ಮುಂದಿನ ಆಯವ್ಯಯದ ಹಣ ಎಲ್ಲಿಗೆ ಹೋಗಬೇಕೆಂಬುದಕ್ಕೆ ಆ ಲೆಕ್ಕವೇ ಆಧಾರವಾಗುತ್ತದೆ.