ಕಾರಿನ ಸ್ಪೀಕರಿಗೊಂದು ಜರಡಿ

ಒಂಬತ್ತನೇ ತರಗತಿಯ ‘ಶಬ್ದ’ ಘಟಕಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆದು ತರುವ ಪಾಠಯೋಜನೆಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ಮನುಷ್ಯನ ಶ್ರವ್ಯ ವ್ಯಾಪ್ತಿ 20 ಹರ್ಟ್ಸ್‌ನಿಂದ 20,000 ಹರ್ಟ್ಸ್. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆ ಎರಡು ಸಂಖ್ಯೆಗಳ ನಡುವೆ ಏನೇನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮರಳಿಯಲ್ಲಿ ನಾನು ಪಾಠ ವೀಕ್ಷಣೆಗೆ ಕುಳಿತಿದ್ದಾಗ ಒಬ್ಬ ಹುಡುಗ ಕೇಳಿದ.

“ಟೀಚರ್, ನಮ್ ಮಾಮಾ ಗಾಡಿಯಾಗ ದೊಡ್ಡ ಸ್ಪೀಕರ್ ಹಾಕ್ಸ್ಯಾರ. ಬೀಟು ಎದಿಗೆ ಬಡಿತೈತಿ, ಹಾಡಿನ ಮಾತು ಮಾತ್ರ ತಿಳಿಯಂಗಿಲ್ಲ. ಇನ್ನೂ ದೊಡ್ಡದು ಹಾಕ್ಸಬೇಕೇನ್ರಿ?”

ನಮ್ಮ ಪ್ರಶಿಕ್ಷಣಾರ್ಥಿ ಆ ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ನಾಳೆ ನೋಡೋಣ ಎಂದರು. ಸರಿಯಾದ ನಡೆ. ಆಕೆಯ ಉತ್ತರದ ಮೇಲೆ ಒಂದು ಮನೆಯ ಹಣ ಖರ್ಚಾಗುವುದೋ ಉಳಿಯುವುದೋ ನಿಂತಿತ್ತು. ಆ ಸಂಜೆ ನಾವಿಬ್ಬರೂ ಕೂತು ಸಿದ್ಧಪಡಿಸಿದ ವಿಷಯವೇ ಈ ಬರಹ.

ಕಾರಿನ ಸ್ಪೀಕರ್ ಜೋಡಿಯಲ್ಲಿ ದೊಡ್ಡ ವೂಫರ್ ಕೆಳ ಆವೃತ್ತಿಗಳನ್ನೂ ಪುಟ್ಟ ಟ್ವೀಟರ್ ಮೇಲಿನವನ್ನೂ ನುಡಿಸುತ್ತವೆ. ಆಂಪ್ಲಿಫೈಯರಿನಿಂದ ಎಲ್ಲವೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಅವನ್ನು ಬೇರ್ಪಡಿಸುವುದೇ ಕ್ರಾಸ್‌ಓವರ್. ತನಗೆಂದು ಬೇರೆ ವಿದ್ಯುತ್ ಪೂರೈಕೆ ಬೇಡದೆ, ಬರೀ ಧಾರಕ ಮತ್ತು ತಂತಿಸುರುಳಿಗಳಿಂದ ಕೆಲಸ ಮಾಡುವುದು ಪ್ಯಾಸಿವ್ ಕ್ರಾಸ್‌ಓವರ್. ಗಂಗಾವತಿ ಸೀಮೆಯ ಮಕ್ಕಳಿಗೆ ಅಕ್ಕಿ ಗಿರಣಿ ಪರಿಚಿತ. ಅಕ್ಕಿಯನ್ನೂ ನುಚ್ಚನ್ನೂ ಬೇರೆ ಮಾಡುವ ಜರಡಿಯ ಹಾಗೆ ಎಂದರೆ ಅರ್ಧ ಪಾಠ ಮುಗಿದಂತೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಶಿಕ್ಷಕರೇ ಹೇಳಬೇಕು. ಜರಡಿಯ ಕಣ್ಣಿಗಿಂತ ದೊಡ್ಡ ಕಾಳು ಕೆಳಗೆ ಬೀಳುವುದೇ ಇಲ್ಲ. ಕ್ರಾಸ್‌ಓವರ್ ಹಾಗೆ ಕತ್ತರಿಸುವುದಿಲ್ಲ, ಇಳಿಜಾರಿನಂತೆ ಕ್ರಮೇಣ ತಗ್ಗಿಸುತ್ತದೆ. ಒಂದೇ ಧಾರಕವಿದ್ದರೆ ಆವೃತ್ತಿ ಅರ್ಧವಾದಾಗಲೆಲ್ಲ ಸುಮಾರು 6 ಡೆಸಿಬೆಲ್. ಜೊತೆಗೊಂದು ಸುರುಳಿ ಸೇರಿದರೆ 12.

ಧಾರಕವು ಕೆಳ ಆವೃತ್ತಿಯನ್ನು ತಡೆಯುತ್ತದೆ ಎಂದು ಹೇಳಿಬಿಡುವ ಬದಲು ಈ ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆಯಿರಿ. 10 ಮೈಕ್ರೋಫ್ಯಾರಡ್ ಧಾರಕ 200 ಹರ್ಟ್ಸ್‌ಗೆ ಒಡ್ಡುವ ತಡೆ ಸುಮಾರು 80 ಓಮ್, 2,000 ಹರ್ಟ್ಸ್‌ಗೆ 8, 4,000ಕ್ಕೆ 4, 8,000ಕ್ಕೆ 2. ಸೂತ್ರ ಪಿಯುಸಿಗೆ ಇರಲಿ. ಆವೃತ್ತಿ ಇಮ್ಮಡಿಯಾದರೆ ತಡೆ ಅರ್ಧವಾಗುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಕಾರಿನ ಸ್ಪೀಕರ್ ಸಾಮಾನ್ಯವಾಗಿ 4 ಓಮ್. ಹಾಗಾಗಿ ಈ ಧಾರಕವಿದ್ದರೆ ಟ್ವೀಟರ್ 4,000 ಹರ್ಟ್ಸ್ ಆಸುಪಾಸಿನಿಂದ ಮೇಲಿನದನ್ನು ವಹಿಸಿಕೊಳ್ಳುತ್ತದೆ. ವೂಫರಿಗೆ ಸುಮಾರು 0.16 ಮಿಲಿಹೆನ್ರಿ ಸುರುಳಿ ಇದರ ತದ್ವಿರುದ್ಧ ಕೆಲಸ ಮಾಡುತ್ತದೆ.

ಗುಣಮಟ್ಟದ ಮಾತು ಬರುವುದು ಇಲ್ಲಿ. ಅಗ್ಗದ ಎಲೆಕ್ಟ್ರೋಲಿಟಿಕ್ ಧಾರಕದ ಬೆಲೆ ಬರೆದದ್ದಕ್ಕಿಂತ 20 ಪ್ರತಿಶತ ಹೆಚ್ಚುಕಡಿಮೆ ಇರುವುದು ಸಾಮಾನ್ಯ. ವರ್ಷಗಟ್ಟಲೆ ಬಿಸಿ ತಿಂದರೆ ಒಳಗಿನ ದ್ರವ ಒಣಗಿ ಇನ್ನೂ ಇಳಿಯುತ್ತದೆ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಒಳಗಿನ ಕಾವು ಎಷ್ಟೆಂದು ಯಾರಿಗೂ ಹೇಳಬೇಕಿಲ್ಲ. 10 ಇದ್ದದ್ದು 6ಕ್ಕೆ ಇಳಿಯಿತೆನ್ನಿ. ಟ್ವೀಟರ್ ಈಗ ಸುಮಾರು 6,600 ಹರ್ಟ್ಸ್‌ನಿಂದಷ್ಟೇ ಪೂರ್ತಿ ಹೊಣೆ ಹೊರುತ್ತದೆ. ವೂಫರ್ 4,000ಕ್ಕೇ ಇಳಿಜಾರು ಹಿಡಿದಿರುತ್ತದೆ. ನಡುವೆ ಹಳ್ಳ ಬಿತ್ತು.

ಆ ಹಳ್ಳದಲ್ಲಿ ಬೀಳುವುದು ವ್ಯಂಜನಗಳು. ಸ್ವರಗಳ ಶಕ್ತಿ ಹೆಚ್ಚಾಗಿ ಕೆಳಗಿರುತ್ತದೆ. ‘ಸ’ಕಾರದ ಸುಯ್ಯುವ ಸದ್ದು ಬಹುಪಾಲು 4,000 ಹರ್ಟ್ಸ್‌ನಿಂದ ಮೇಲಕ್ಕೆ, ‘ಶ’ಕಾರದ್ದು ಅದಕ್ಕಿಂತ ಸ್ವಲ್ಪ ಕೆಳಗಿನಿಂದಲೇ ಶುರು. ಮಾತು ತಿಳಿಯುವುದು ಬಹುಮಟ್ಟಿಗೆ ವ್ಯಂಜನಗಳಿಂದ. (ಶಾಲೆಯನ್ನು ‘ಸಾಲಿ’ ಎನ್ನುವ ನಮ್ಮ ಮಕ್ಕಳಿಗೆ ಇವೆರಡರ ವ್ಯತ್ಯಾಸ ಕೇಳಿಸಲು ಕನ್ನಡ ಮೇಷ್ಟ್ರು ಇದೇ ಪಾಠವನ್ನು ಬಳಸಬಹುದು.) ಎದೆಗೆ ಬಡಿಯುವ ಬೀಟಿಗೂ ಕಿವಿಗೆ ಸಿಗದ ಮಾತಿಗೂ ಇರುವ ಅಂತರ ಇದೇ ಆಗಿರಬಹುದು. ಇನ್ನೂ ದೊಡ್ಡ ವೂಫರ್ ಹಾಕಿಸಿದರೆ ಹಳ್ಳ ತುಂಬುವುದಿಲ್ಲ, ದಿಬ್ಬ ಎತ್ತರವಾಗುತ್ತದೆ.

ಸುರುಳಿಯ ಕಥೆ ಬೇರೆ. ತೆಳು ತಂತಿಯಿಂದ ಸುತ್ತಿದ್ದರೆ ಅದಕ್ಕೇ ರೋಧವಿರುತ್ತದೆ. 0.4 ಓಮ್ ಇದ್ದರೂ 4 ಓಮ್ ವೂಫರಿಗೆ ತಲುಪುವ ಶಕ್ತಿ ಸುಮಾರು 17 ಪ್ರತಿಶತ ಕಡಿಮೆ. ಇದು ಹತ್ತನೇ ತರಗತಿಯ ಓಮ್ ನಿಯಮದ ಲೆಕ್ಕವೇ. ಒಳಗೆ ಸಣ್ಣ ಕಬ್ಬಿಣದ ತಿರುಳಿದ್ದರೆ, ವಾಲ್ಯೂಮ್ ಏರಿಸಿದಾಗ ಅದರ ಕಾಂತತ್ವ ಮಿತಿ ಮುಟ್ಟಿ ಧ್ವನಿ ಒಡೆಯುತ್ತದೆ. ಡಬ್ಬಿಯ ಮೇಲಿನ ಚಿನ್ನದ ಬಣ್ಣದ ತಿರುಪುಗಳಿಗೆ ಇದಾವುದನ್ನೂ ಸರಿಪಡಿಸುವ ಶಕ್ತಿಯಿಲ್ಲ. ಹಾಗೆಂದು ದುಬಾರಿ ಧಾರಕಗಳ ಸೂಕ್ಷ್ಮ ವ್ಯತ್ಯಾಸ ಓಡುವ ಗಾಡಿಯ ಸದ್ದಿನಲ್ಲಿ ಕೇಳಿಸುತ್ತದೆ ಎಂದು ನಾನು ನಂಬುವುದಿಲ್ಲ. ಬೆಲೆ ಸರಿಯಿರಬೇಕು, ಸುರುಳಿ ದಪ್ಪವಿರಬೇಕು. ನನ್ನ ಮಟ್ಟಿಗೆ ಅಷ್ಟೇ.

ತರಗತಿಗೆ ಬೇಕಾದದ್ದು: ಹಳೆಯ 4 ಓಮ್ ಸ್ಪೀಕರ್, ಧ್ರುವವಿಲ್ಲದ 10 ಮೈಕ್ರೋಫ್ಯಾರಡ್ ಧಾರಕ, ಬ್ಯಾಟರಿಯಲ್ಲಿ ನಡೆಯುವ ಸಣ್ಣ ಆಂಪ್ಲಿಫೈಯರ್, ನಿರ್ದಿಷ್ಟ ಆವೃತ್ತಿ ನುಡಿಸುವ ಆ್ಯಪ್ ಇರುವ ಮೊಬೈಲ್. ಗೋಡೆಯ 230 ವೋಲ್ಟ್ ಹತ್ತಿರವೂ ಸುಳಿಯಬೇಡಿ. ಧಾರಕವನ್ನು ಸರಣಿಯಲ್ಲಿ ಜೋಡಿಸಿ 200 ಹರ್ಟ್ಸ್ ನುಡಿಸಿ, ಸದ್ದು ಕ್ಷೀಣ. ಧಾರಕದ ಎರಡು ತುದಿಗಳನ್ನು ತಂತಿಯಿಂದ ಮುಟ್ಟಿಸಿ, ಸದ್ದು ಮರಳುತ್ತದೆ. ಈಗ 8,000 ಹರ್ಟ್ಸ್‌ಗೆ ಹೋಗಿ ಅದನ್ನೇ ಮಾಡಿ. ವ್ಯತ್ಯಾಸ ಬಹಳ ಕಡಿಮೆ. ಏನಾಗಬಹುದೆಂದು ಮಕ್ಕಳಿಂದ ಮೊದಲೇ ಊಹಿಸಿ ಬರೆಸಿ, ಆಮೇಲೆ ಕೇಳಿಸಿ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ಟ್ವೀಟರಿಗೆ 10ರ ಬದಲು 20 ಮೈಕ್ರೋಫ್ಯಾರಡ್ ಹಾಕಿದರೆ? ತಡೆಯ ಪಟ್ಟಿ ಅರ್ಥವಾದ ಮಗು 4,000 ಇದ್ದದ್ದು 2,000 ಆಗುತ್ತದೆ ಎನ್ನುತ್ತದೆ. ಇನ್ನೂ ಒಂದು ಹೆಜ್ಜೆ ಮುಂದಿಟ್ಟ ಮಗು, ತನಗೆ ಸಲ್ಲದ ಕೆಳ ಆವೃತ್ತಿ ಒಳಗೆ ಬಂದು, ಜೋರಾಗಿ ಹಚ್ಚಿದ ದಿನ ಟ್ವೀಟರ್ ಸುಟ್ಟುಹೋಗಬಹುದು ಎನ್ನುತ್ತದೆ.